ಅರ್ಧ ಟಾಕೋದ ಅವಮಾನ

ನನಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಡ. ಶಾರ್ಜಾ ಟ್ರಾಫಿಕ್ಕಿಗೆ, ಕೆಟ್ಟ ಲಿಫ್ಟಿಗೆ, ವೀಸಾ ಕಚೇರಿಯ ಟೋಕನ್ನಿಗೆ ಸಿಟ್ಟಾಗುವವರು ಸಾಮಾನ್ಯ ಜನ. ನನ್ನ ಪಿತ್ತ ನೆತ್ತಿಗೇರುವುದು ಬೇರೆಯವರ ಖಾಲಿ ತಟ್ಟೆ ಕಂಡರೆ. ಊರಿನ ಮದುವೆ, ಪೂಜೆಗಳಲ್ಲಿ ಪಂಕ್ತಿಯ ನಡುವೆ ಓಡಾಡುತ್ತ "ಇನ್ನೊಂದು ಹಾಕ್ಲಾ? ಒಂದೇ ಒಂದು!" ಎಂದು ಉಪಚಾರ ಮಾಡಿಯೇ ಬೆಳೆದವನು ನಾನು. ದುಬೈಗೆ ಬಂದು ಹದಿನೆಂಟು ವರ್ಷವಾದರೂ ಆ ಚಾಳಿ ಹೋಗಿಲ್ಲ. ಅದರಿಂದಲೇ ಈಚೆಗೆ ಹೆಂಡತಿಯ ಕೆಲಸಕ್ಕೆ ಕಲ್ಲು ಹಾಕುವುದರಲ್ಲಿದ್ದೆ.

ನನ್ನ ಹೆಂಡತಿ ವಾರಿಜಾ ಕಾರ್ಕಳದ ಹತ್ತಿರ ಟೀಚರಾಗಿದ್ದವಳು. ಇಲ್ಲಿಗೆ ಬಂದ ಮೇಲೆ ನನಗೆ ಬುತ್ತಿ ಕಟ್ಟುವುದೇ ಅವಳ ಉದ್ಯೋಗವಾಗಿತ್ತು. ಕಳೆದ ಚಳಿಗಾಲದಲ್ಲಿ ಒಂದು ಟೂರ್ ಕಂಪನಿ ಅವಳನ್ನು ಕರೆಯಿತು. ಪ್ರವಾಸಿಗರನ್ನು ನಡೆಸಿಕೊಂಡು ಹೋಗಿ ಒಂದೇ ಬಡಾವಣೆಯ ಐದು ಕಡೆ ಮೆಕ್ಸಿಕನ್ ತಿಂಡಿಯ ರುಚಿ ತೋರಿಸಬೇಕು. ಮೂರು ಹೋಟೆಲು, ಕೊನೆಗೆ ಕಡಲ ಬದಿಯಲ್ಲಿ ನಿಲ್ಲುವ ಟಾಕೋ ಮಾರುವ ಎರಡು ಟ್ರಕ್ಕು. ಮೊದಲ ನಡಿಗೆಯೇ ಪರೀಕ್ಷೆ. ಕಂಪನಿಯ ಮೇಡಂ ಟ್ಯಾಬ್ ಹಿಡಿದು ಹಿಂದೆಯೇ ಬರುತ್ತಾರೆ. ಅತಿಥಿಗಳು ಐದೂ ಕಡೆ ತಿಂದು ಖುಷಿಯಾದರೆ ಕೆಲಸ, ಇಲ್ಲವಾದರೆ ಖಲಾಸ್. ವಾರಿಜಾ ಒಂದು ತಿಂಗಳು ಅಡುಗೆಮನೆಯ ಗೋಡೆಗೆ ಚೀಟಿ ಅಂಟಿಸಿಕೊಂಡು ಮೆಕ್ಕೆಜೋಳದ ಚರಿತ್ರೆಯನ್ನು ಬಾಯಿಪಾಠ ಮಾಡಿದಳು. ಸಾರು ಉಕ್ಕಿ ಚೆಲ್ಲಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಆ ದಿನ ಅತಿಥಿಯೊಬ್ಬರು ತಪ್ಪಿಸಿಕೊಂಡದ್ದರಿಂದ ಲೆಕ್ಕ ತುಂಬಲು ನನ್ನನ್ನೇ ಎಳೆದುಕೊಂಡು ಹೋದಳು.

"ನೀವು ನನ್ನ ಗಂಡ ಅಂತ ಯಾರಿಗೂ ಗೊತ್ತಾಗ್ಬಾರ್ದು. ಎಲ್ಲ ಕಡೆ ಸ್ವಲ್ಪ ಸ್ವಲ್ಪವೇ ಕೊಡುವುದು. ನೀವು ತಿನ್ಲಿಕ್ಕೆ ಮಾತ್ರ ಬಾಯಿ ತೆರೀಬೇಕು, ಆಯ್ತಾ?"

ಮೊದಲೇ ನಡಿಗೆ. ಎದುರಿನ ಕಟ್ಟಡಕ್ಕೂ ಕಾರು ತೆಗೆಯುವ ಮನುಷ್ಯ ನಾನು. ಎರಡು ಸಿಗ್ನಲ್ ದಾಟುವಷ್ಟರಲ್ಲಿ ಹೊಸ ಶೂ ಹಿಮ್ಮಡಿ ಕಚ್ಚಿತ್ತು. ಆದರೂ ಹಲ್ಲು ಕಚ್ಚಿಕೊಂಡು ಮೊದಲ ಹೋಟೆಲಿನಲ್ಲಿ ಕೂತೆ. ವಾರಿಜಾ ಚೆನ್ನಾಗಿಯೇ ಮಾತಾಡಿದಳು, ಎಲ್ಲರೂ ಕಣ್ಣರಳಿಸಿ ಕೇಳಿದರು. ಆಮೇಲೆ ಬಂತು ನೋಡಿ ತಟ್ಟೆ. ಅಂಗೈಯಗಲದ ಜೋಳದ ರೊಟ್ಟಿ ಮಡಚಿ ಒಳಗೆ ಕೋಳಿ ತುಂಬಿದ ಟಾಕೋ. ಅದನ್ನೂ ಕತ್ತರಿಸಿ ತಲೆಗೆ ಅರ್ಧ!

ಮೈಯೆಲ್ಲ ಉರಿದುಹೋಯಿತು. ಹೆಂಡತಿ ಎದುರಿಗೆ ನಿಂತಿದ್ದಾಳೆ, ಏಳು ಜನ ಕೂತಿದ್ದಾರೆ, ಒಬ್ಬೊಬ್ಬರ ಮುಂದೆ ಅರ್ಧ ತುಂಡು! ಎಂಥ ನಾಚಿಕೆಗೇಡು! ಅವಳು ಹೇಳಿ ಕರೆತಂದದ್ದೆಲ್ಲ ಮರೆತೇಹೋಗಿ, ಎದ್ದು ಸೀದಾ ಅಡುಗೆಯವನ ಬಳಿ ಹೋದೆ. ಅವನು ಮೆಕ್ಸಿಕೋದವನಲ್ಲ, ಉಪ್ಪಿನಂಗಡಿಯ ಅಶ್ರಫ್. ನಾನು ಒಂದು ಮಾತಾಡುವಷ್ಟರಲ್ಲಿ ಯಾವ ಕಡೆಯವನೆಂದು ಗುರುತು ಹಿಡಿದ.

"ಎಂತ ಸಾರ್, ಸಾಕಾಗ್ಲಿಲ್ವಾ?"

"ಸಾಕಾಗುವುದೆಂತ ಮಾರಾಯ? ಬೆಕ್ಕಿಗೆ ಹಾಕುವಷ್ಟಿದೆ. ಜನ ಬಂದಿದ್ದಾರೆ, ಮರ್ಯಾದೆ ಬೇಡ್ವಾ?"

"ನೀವು ಹೋಗಿ ಕೂತ್ಕೊಳ್ಳಿ ಸಾರ್. ನಾನು ಕಳಿಸ್ತೇನೆ." ಅವನಿಗೂ ನನ್ನದೇ ರೋಗ.

ಮೂರು ದೊಡ್ಡ ತಟ್ಟೆ ಬಂತು. ನಾನೇ ಎದ್ದು ಬಡಿಸಿದೆ. ಸಾಕು ಎಂದು ಕೈ ಅಡ್ಡ ಹಿಡಿದ ಜರ್ಮನ್ ಅಜ್ಜಿಯ ಕೈಸಂದಿಯಲ್ಲೇ ಎರಡು ಜಾರಿಸಿದೆ. ಸಾಕು ಅಂದವರಿಗೆ ಹಾಕದಿದ್ದರೆ ಅದೆಂಥ ಉಪಚಾರ? ವಾರಿಜಾ ಕಣ್ಣಲ್ಲೇ ನನ್ನನ್ನು ಸುಡುತ್ತಿದ್ದಳು. ನಾನು ಆ ಕಡೆ ನೋಡಲೇ ಇಲ್ಲ.

ಎರಡನೆಯ ಹೋಟೆಲಿನಲ್ಲಿ ಯಾರೂ ತಟ್ಟೆ ಮುಟ್ಟಲಿಲ್ಲ. ಮೂರನೆಯದು ತಲುಪುವ ಮೊದಲೇ ಅಜ್ಜಿ ರಸ್ತೆ ಬದಿಯ ಬೆಂಚಿನಲ್ಲಿ ಕೂತವರು ಏಳಲಿಲ್ಲ. ಉಳಿದವರೂ ಹೊಟ್ಟೆ ಹಿಡಿದುಕೊಂಡು ಅವರ ಪಕ್ಕ ಕೂತರು. ದೂರದಲ್ಲಿ ಟ್ರಕ್ಕುಗಳು ಕಾಣುತ್ತಿದ್ದವು. ಮೇಡಂ ಟ್ಯಾಬಿನಲ್ಲಿ ಏನೋ ಬರೆಯುತ್ತಿದ್ದರು. ವಾರಿಜಾ ನನ್ನನ್ನು ಪಕ್ಕಕ್ಕೆ ಕರೆದಳು. ಮನೆಯಲ್ಲಿ ನಮ್ಮದು ತುಳು. ಸಿಟ್ಟು ಮಿತಿಮೀರಿದಾಗ ಮಾತ್ರ ಅವಳು ತರಗತಿಯ ಕನ್ನಡಕ್ಕೆ ಬರುತ್ತಾಳೆ.

"ಹದಿನೆಂಟು ವರ್ಷ ನಿಮಗೆ ಬಡಿಸಿದ್ದೇನೆ. ಇವತ್ತು ಒಂದು ದಿನ ನನ್ನ ಕೆಲಸ ಮಾಡಲು ನನ್ನನ್ನು ಬಿಡಲಿಲ್ಲವಲ್ಲ ನೀವು?"

ನಾನು ಬಗ್ಗಿ ಶೂ ಬಿಚ್ಚಿದೆ. ಹಿಮ್ಮಡಿ ಕಚ್ಚಿದ ಆ ಶೂವಿನ ಮೇಲೆ ಇನ್ನಷ್ಟು ಸಿಟ್ಟು ಬಂತು.

ಅವಳು ಕಣ್ಣೊರೆಸಿಕೊಂಡು ಹೋಗಿ ಬೆಂಚಿನ ಎದುರು ನಿಂತಳು. ಟ್ರಕ್ಕುಗಳ ಬಳಿ ಹೇಳಬೇಕೆಂದಿದ್ದ ಕಥೆಯನ್ನೆಲ್ಲ ಅಲ್ಲಿಯೇ ಹೇಳತೊಡಗಿದಳು. ಮುಕ್ಕಾಲು ಗಂಟೆ ಹೇಳಿದಳು, ನಗಿಸಿದಳು. ತಿಂದದ್ದು ಅರಗುವ ತನಕ ಬಿಡಲಿಲ್ಲ. ಆಮೇಲೆ ಎಲ್ಲರೂ ಮೆಲ್ಲಗೆ ಎದ್ದು ನಡೆದರು. ಉಳಿದ ಮೂರೂ ಕಡೆ ತಿಂದರು, ಅಜ್ಜಿಯೂ ಕೂಡ. ಅರ್ಧರ್ಧ.

ಒಂದು ಕಡೆ ತಪ್ಪಿದರೂ ಕೆಲಸ ಸಿಕ್ಕಿತು. ಜೊತೆಗೆ ಮೇಡಂ ಒಂದು ಷರತ್ತು ಹಾಕಿದ್ದರು: ಆ ಬಡಿಸುವ ಮನುಷ್ಯನನ್ನು ಇನ್ನು ಸೇರಿಸಿಕೊಳ್ಳಬಾರದು. ಅವನು ಯಾರೆಂದು ವಾರಿಜಾ ಈವರೆಗೂ ಹೇಳಿಲ್ಲವಂತೆ. ಹೇಳಲು ನಾಚಿಕೆಯಂತೆ.

ಈಗ ಶನಿವಾರ, ಭಾನುವಾರ ಅವಳಿಗೆ ಡ್ಯೂಟಿ. ಅನ್ನ, ಸಾರು, ಬಂಗುಡೆ ಎಲ್ಲ ಮೇಜಿನ ಮೇಲೆ ಮುಚ್ಚಿಟ್ಟು ಹೋಗಿರುತ್ತಾಳೆ. ಏನೂ ಕಡಿಮೆಯಿಲ್ಲ. ಇಷ್ಟು ವರ್ಷ ಅವಳು "ಇನ್ನು ಸ್ವಲ್ಪ ಹಾಕ್ಲಾ?" ಎಂದಾಗಲೆಲ್ಲ ನಾನು ಮೊಬೈಲಿನಿಂದ ತಲೆಯೆತ್ತದೆ "ಸಾಕು ಮಾರಾಯ್ತಿ, ತಲೆ ತಿನ್ಬೇಡ" ಎನ್ನುತ್ತಿದ್ದೆ. ಆದರೂ ಅವಳು ಹಾಕುತ್ತಿದ್ದಳು, ನಾನು ತಿನ್ನುತ್ತಿದ್ದೆ. ನಿನ್ನೆ ಮೊಬೈಲು ನೋಡುತ್ತಲೇ ತಟ್ಟೆ ಖಾಲಿಯಾಯಿತು. "ಸಾಕು, ಸಾಕು" ಎಂದು ಕೈ ಅಡ್ಡ ಹಿಡಿದೆ. ಎದುರಿಗೆ ಯಾರೂ ಇರಲಿಲ್ಲ. ಎಂಥ ಸಿಟ್ಟು ಬಂತು ಅಂತೀರಿ!