ರಾಹುಕಾಲ ಮುಗಿಸದ ಗಡಿಯಾರಕ್ಕೊಂದು ದೂರು

ಮೆಡಿಟರೇನಿಯನ್ ಸಮುದ್ರದ ನಡುವಿನ ಮಾಲ್ಟಾ ದ್ವೀಪದಲ್ಲಿ, ಪುಟ್ಟ ಹಳ್ಳಿಯೊಂದರ ಚರ್ಚಿನ ಎಡಗೋಪುರದ ಮೇಲೆ ವಿರಾಜಮಾನರಾಗಿರುವ ಮಾನ್ಯ ಗಡಿಯಾರ ಮಹಾಶಯರೇ,

ಮಲೇಷ್ಯಾದ ಪುಚೊಂಗಿನಿಂದ ಗುರುದತ್ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವಿಲ್ಲಿ ಹೇಗೋ ಇದ್ದೇವೆ. ತಾವು ಎಂದಿನಂತೆ ಹನ್ನೊಂದು ಗಂಟೆಗೇ ಕ್ಷೇಮವಾಗಿದ್ದೀರೆಂದು ಬಲ್ಲೆ.

ಕಳೆದ ತಿಂಗಳು ನಾನು, ನನ್ನ ಹೆಂಡತಿ ಭವ್ಯಶ್ರೀ, ಮೈಸೂರಿನಿಂದ ಬಂದು ನಮ್ಮಲ್ಲಿರುವ ಚಿಕ್ಕಪ್ಪ ಚಾಮಯ್ಯ, ಮೂವರೂ ತಮ್ಮ ದ್ವೀಪದ ಊರು ಹಳ್ಳಿಗಳನ್ನು ಬಸ್ಸಿನಲ್ಲಿ ಸುತ್ತಿದೆವು. ಜೇನುಬಣ್ಣದ ಕಲ್ಲಿನ ಮನೆಗಳನ್ನೂ ಬಣ್ಣಬಣ್ಣದ ಮರದ ಬಾಲ್ಕನಿಗಳನ್ನೂ ಕಣ್ತುಂಬ ನೋಡಿದೆವು. ಕೊನೆಯ ದಿನಕ್ಕೆಂದು ಭವ್ಯಶ್ರೀ ಎತ್ತಿಟ್ಟುಕೊಂಡಿದ್ದು ದೋಣಿಗಳ ಮೂತಿಯ ಮೇಲೆ ಕಣ್ಣು ಬರೆದಿರುವ ಮೀನುಗಾರರ ಹಳ್ಳಿ. ಆ ದೋಣಿಗಳ ಚಿತ್ರ ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ವರ್ಷಗಳಿಂದ ಇದೆ.

ಅಲ್ಲಿಗೆ ಹೋಗಲು ತಮ್ಮ ಹಳ್ಳಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಬಸ್ಸು ಬಂದು ನಿಂತಾಗ ಚಿಕ್ಕಪ್ಪ ತಲೆಯೆತ್ತಿ ತಮ್ಮನ್ನು ನೋಡಿದರು: ಹನ್ನೊಂದು ಗಂಟೆ. ಅಂದು ಶುಕ್ರವಾರ, ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ, ಆ ಹೊತ್ತಿನಲ್ಲಿ ಅವರು ಪುಷ್ಪಕವಿಮಾನ ಬಂದರೂ ಹತ್ತುವವರಲ್ಲ. ಅವರೊಬ್ಬರನ್ನೇ ಬಿಟ್ಟು ಹೋಗುವಂತೆಯೂ ಇಲ್ಲ. ಆ ಬಸ್ಸು ಹೋಯಿತು, ಅದರ ಹಿಂದಿನದೂ ಹೋಯಿತು. ನನ್ನ ಫೋನಿನಲ್ಲಿ ಒಂದು ಗಂಟೆಯಾಯಿತೆಂದು ತೋರಿಸಿದರೆ, “ಲೋ ಗುರು, ನಿನ್ ಫೋನು ಮಲೇಷ್ಯಾದ್ದು ಕಣೋ. ದೇವರ ಗೋಪುರದ ಮೇಲಿರೋ ಗಡಿಯಾರ ಸುಳ್ಳು ಹೇಳುತ್ತೇನೋ? ಸುಮ್ನೆ ಕೂತ್ಕೋ” ಎಂದು ಗದರಿ, ಕಲ್ಲುಬೆಂಚಿನ ಮೇಲೆ ಗೊರಕೆ ಹೊಡೆದರು. ಎದ್ದು ನೋಡಿದರೂ ಹನ್ನೊಂದೇ. “ನೋಡಿದ್ಯಾ, ಒಂದೇ ಒಂದು ಗಳಿಗೆ ಕಣ್ಣು ಮುಚ್ಚಿದ್ದು” ಎಂದು ಹೆಮ್ಮೆಪಟ್ಟರು.

ಕೊನೆಗೆ ಎದುರಿನ ಬೇಕರಿಯ ಅಜ್ಜಿ ಅಂಗಡಿ ಮುಚ್ಚುತ್ತಾ ನಗುನಗುತ್ತ ತಿಳಿಸಿದರು: ಮರದ ಮರೆಯಲ್ಲಿದ್ದ ಬಲಗೋಪುರದ್ದೇ ನಿಜವಾದ ಗಡಿಯಾರ, ತಾವು ಬರೀ ಬಣ್ಣ, ಸೈತಾನನಿಗೆ ಪೂಜೆಯ ಹೊತ್ತು ತಿಳಿಯದಿರಲೆಂದು ಹಿಂದಿನವರು ಗೋಡೆಗೆ ಬರೆಸಿದ ಚಿತ್ರ. ಅಷ್ಟರಲ್ಲಿ ನಾವು ವಿಮಾನ ಹಿಡಿಯುವ ಹೊತ್ತಾಗಿತ್ತು. ರಾಹುಕಾಲ ಮುಗಿದಿಲ್ಲವೆಂದು ಹಟ ಹಿಡಿದ ಚಿಕ್ಕಪ್ಪನನ್ನು ರಟ್ಟೆ ಹಿಡಿದು ಟ್ಯಾಕ್ಸಿಗೆ ಹತ್ತಿಸಿದೆ. ದೋಣಿಗಳನ್ನು ನೋಡದೆಯೇ ಹೊರಡಬೇಕಾದ ಭವ್ಯಶ್ರೀ ತಮ್ಮದೊಂದು ಫೋಟೋ ತೆಗೆದುಕೊಂಡಳು.

ತಮ್ಮ ಕರ್ತವ್ಯನಿಷ್ಠೆಗೆ ಶರಣು. ಸೈತಾನನನ್ನು ತಡೆದಿರೋ ಇಲ್ಲವೋ ಕಾಣೆ, ಮೈಸೂರಿನ ನಿವೃತ್ತ ಹೆಡ್‌ಮಾಸ್ತರರಾದ ನಮ್ಮ ಚಿಕ್ಕಪ್ಪನನ್ನಂತೂ ಇಡೀ ದಿನ ತಡೆದಿರಿ. ಆದಕಾರಣ ನನ್ನ ವಿನಮ್ರ ಕೋರಿಕೆ: ಶುಕ್ರವಾರಗಳಂದಾದರೂ ತಾವು ದಯಮಾಡಿ ಹನ್ನೆರಡು ದಾಟಬೇಕು, ಮುಳ್ಳು ಅಲುಗಾಡದಿದ್ದಲ್ಲಿ ಗೋಪುರದಿಂದ ಇಳಿದು ಪುಚೊಂಗಿಗೆ ಬಂದು, ಅಜ್ಜಿಯ ಮಾತನ್ನು ಈಗಲೂ ನಂಬದ ಚಿಕ್ಕಪ್ಪನೆದುರು ತಾವು ಸುಳ್ಳೆಂದು ಒಪ್ಪಿಕೊಳ್ಳಬೇಕು, ಬರುವಾಗ ಕಣ್ಣುಳ್ಳ ದೋಣಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದರೆ ನನ್ನ ಸಂಸಾರ ಉಳಿದೀತು.

ಹೊತ್ತುಗೊತ್ತಿಲ್ಲದೆ ತಮ್ಮ ವಿಶ್ವಾಸಿ,
ಗುರುದತ್

ತಾ.ಕ.: ಭವ್ಯಶ್ರೀ ತಮ್ಮ ಫೋಟೋಗೆ ಕಟ್ಟು ಹಾಕಿಸಿ ನಮ್ಮ ಅಡುಗೆಮನೆಯಲ್ಲಿ ತೂಗುಹಾಕಿದ್ದಾಳೆ. ಶುಕ್ರವಾರ ಬಂತೆಂದರೆ ತಮ್ಮತ್ತ ಬೆರಳು ತೋರಿಸಿ, “ರಾಹುಕಾಲದಲ್ಲಿ ಒಲೆ ಹಚ್ಚಬಾರ್ದಲ್ವಾ ಮಾವ? ದೋಣಿ ನೋಡೋವರೆಗೂ ಇದು ಮುಗಿಯೋ ಹಾಗೆ ಕಾಣ್ಸಲ್ಲ” ಎಂದು ಸೋಫಾದಲ್ಲಿ ಕೂರುತ್ತಾಳೆ, ಚಿಕ್ಕಪ್ಪ ಗಂಭೀರವಾಗಿ ತಲೆಯಾಡಿಸುತ್ತಾರೆ. ಇಂದೂ ಶುಕ್ರವಾರ. ಹೊರಗೆ ಕತ್ತಲಾಗಿದೆ, ಅಡುಗೆಮನೆಯಲ್ಲಿ ಇನ್ನೂ ಹನ್ನೊಂದು ಗಂಟೆ. ಇಲ್ಲಿನ ಪರೋಟವಾದ ರೋಟಿ ಚನಾಯ್ ಕಟ್ಟಿಸಿಕೊಂಡು ಬರಲು ತಮಿಳು ಮುಸ್ಲಿಮರ ಮಾಮಕ್ ಹೋಟೆಲಿಗೆ ಹೊರಟಿದ್ದೇನೆ. ತಮಗೂ ಒಂದು ತರಲೇ?