ಹಿಮ ಬೀಳುವ ಊರಿನಲ್ಲಿ ತಲೆಗೆ ಟವೆಲ್

ನೆನಪು ನಂಬತಕ್ಕ ಪದಾರ್ಥವಲ್ಲ ಎಂದು ನನಗೆ ಮೊದಲು ಹೇಳಿಕೊಟ್ಟದ್ದು ವಿಶ್ವವಿದ್ಯಾಲಯ. ಇತಿಹಾಸದ ಎಂ.ಎ. ತರಗತಿಯಲ್ಲಿ ಕೂತು ನಾನು ಕಲಿತದ್ದರ ಸಾರ ಇಷ್ಟೇ: ಕಣ್ಣಾರೆ ಕಂಡೆ ಎನ್ನುವವನನ್ನು ಮಿಕ್ಕೆಲ್ಲರಿಗಿಂತ ಹೆಚ್ಚು ಅನುಮಾನಿಸಬೇಕು. ಈ ಪಾಠವನ್ನು ಬಹಳ ಕಾಲ ಬೇರೆಯವರ ಮೇಲೆ ಪ್ರಯೋಗಿಸಿ ಸುಖವಾಗಿದ್ದೆ. ಐವತ್ತು ದಾಟಿದ ಮೇಲೆ ನನ್ನ ಮೇಲೇ ಪ್ರಯೋಗಿಸಿಕೊಳ್ಳಬೇಕಾಗಿ ಬಂದಿದೆ. ಮನೆಗೆ ಬೀಗ ಹಾಕಿ ಗೇಟಿನವರೆಗೆ ಹೋಗುತ್ತೇನೆ. ಹಾಕಿದೆನೇ ಎಂದು ವಾಪಸು ಬಂದು ಜಗ್ಗಿ ನೋಡುತ್ತೇನೆ. ಮತ್ತೆ ಗೇಟಿನ ಹತ್ತಿರ ನಿಂತು, ಜಗ್ಗಿ ನೋಡಿದ್ದು ಇವತ್ತೋ ನಿನ್ನೆಯೋ ಎಂದು ಯೋಚಿಸುತ್ತೇನೆ. ನನ್ನ ಹೆಂಡತಿ ಭಾಗ್ಯ ಇದಕ್ಕೆ ಪರಿಹಾರ ಕಂಡುಕೊಂಡಿದ್ದಾಳೆ. ಬೀಗವನ್ನು ಈಗ ಅವಳೇ ಹಾಕುತ್ತಾಳೆ. ಆದರೂ ಒಂದು ವಿಷಯದಲ್ಲಿ ನನಗೆ ಧೈರ್ಯವಿತ್ತು. ನೆನಪು ಮಾಸಬಹುದು, ತಾತ್ಸಾರ ಮಾಸುವುದಿಲ್ಲ. ಒಂದು ಸಿನಿಮಾದ ಕಥೆ ಮರೆತುಹೋಗಬಹುದು. ಅದರ ಯಾವ ಜಾಗದಲ್ಲಿ ನನಗೆ ಥೂ ಅನಿಸಿತು ಎನ್ನುವುದು ಮಾತ್ರ ಕಲ್ಲಿನಲ್ಲಿ ಕೊರೆದ ಹಾಗೆ ಉಳಿಯುತ್ತದೆ ಎಂದು ನಂಬಿದ್ದೆ. ಆ ಧೈರ್ಯವೂ ಈಗ ಹೋಯಿತು.

ಮಧುಗಿರಿಯಲ್ಲಿ ನಮ್ಮದೊಂದು ಸಿನಿಮಾ ಕೂಟವಿದೆ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಒಂದು ಸಮುದಾಯ ಭವನದ ಮಹಡಿಯಲ್ಲಿ ಕಿಟಕಿಗಳಿಗೆಲ್ಲ ಜಮಖಾನ ಹೊದಿಸಿ, ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಪರದೇಶದ ಸಿನಿಮಾ ತೋರಿಸುತ್ತೇವೆ. ಬರುವವರಲ್ಲಿ ಅರ್ಧ ಜನ ಮೇಷ್ಟ್ರುಗಳು, ಇನ್ನರ್ಧ ಕೊನೆಯಲ್ಲಿ ಹಂಚುವ ಖಾರ ಮಂಡಕ್ಕಿಯ ಅಭಿಮಾನಿಗಳು. ಸಿನಿಮಾಕ್ಕೆ ಮುಂಚೆ ಒಬ್ಬರು ಮೈಕು ಹಿಡಿದು ಅದರ ವಿಚಾರ ಮಾತಾಡುವುದು ಪದ್ಧತಿ. ಆ ಒಬ್ಬರು ಯಾವಾಗಲೂ ನಾನೇ. ನಾನು ಹೊಗಳಿದ ಸಿನಿಮಾ ಯಾವುದಾದರೂ ಇದೆಯೇ ಎಂದು ಕೇಳಿದರೆ ತಕ್ಷಣಕ್ಕೆ ಹೊಳೆಯುವುದಿಲ್ಲ. ತೆಗಳುವುದರಲ್ಲಿ ಮಾತ್ರ ನನಗೆ ಒಂದಿಷ್ಟು ಹೆಸರಿದೆ. ಕಾಲೇಜಿನಲ್ಲಿ ನನ್ನ ಮಾತನ್ನು ಹುಡುಗರು ಹಾಜರಿಗಾಗಿ ಕೇಳುತ್ತಾರೆ, ಮನೆಯಲ್ಲಿ ಯಾರೂ ಕೇಳುವುದಿಲ್ಲ, ಇಲ್ಲಿ ಜನ ನಗುತ್ತಾರೆ. ನಿಜ ಹೇಳಬೇಕೆಂದರೆ ತಿಂಗಳ ಮಿಕ್ಕ ದಿನಗಳನ್ನು ನಾನು ತಳ್ಳುವುದೇ ಆ ಮೈಕಿನ ಆಸೆಯಿಂದ. ಕೂಟವನ್ನು ನಡೆಸುವವನು ಪಾವಗಡದ ಕಡೆಯ ನರಸಿಂಹಮೂರ್ತಿ, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಬಟ್ಟೆ ಕಟ್ಟುವುದು, ಸ್ಪೀಕರ್ ಹೊರುವುದು, ಮಂಡಕ್ಕಿಗೆ ಈರುಳ್ಳಿ ಹೆಚ್ಚುವುದು ಎಲ್ಲ ಅವನೇ. ಅವನಿಗೂ ಆ ಮೈಕಿನ ಮೇಲೆ ಕಣ್ಣಿತ್ತೆಂದು ನನಗೆ ಗೊತ್ತಿತ್ತು.

ಈ ಸಲ ಮೂರ್ತಿ ಆರಿಸಿದ್ದು ಒಂದು ಯುದ್ಧದ ಸಿನಿಮಾ. ಶತ್ರುಗಳು ಮುತ್ತಿಗೆ ಹಾಕಿದ ಹಿಮದ ನಗರ. ಎರಡು ಕಡೆಗೂ ಒಬ್ಬೊಬ್ಬ ಸ್ನೈಪರ್, ಎಂದರೆ ಮರೆಯಲ್ಲಿ ಮಲಗಿ ದೂರದಿಂದ ಗುರಿಯಿಟ್ಟು ಹೊಡೆಯುವ ನಿಪುಣ. ಇಬ್ಬರೂ ಒಬ್ಬರನ್ನೊಬ್ಬರು ಕೊಲ್ಲಲು ಕಾಯುತ್ತಾರೆ. ಇಷ್ಟೇ ಕಥೆ. ಇಡೀ ನಗರ ಹಸಿವಿನಿಂದ ಸಾಯುತ್ತಿದ್ದರೂ ಕ್ಯಾಮೆರಾ ಇವರಿಬ್ಬರ ಕಣ್ಣರೆಪ್ಪೆಯನ್ನೇ ನೋಡುತ್ತ ಕೂತಿರುತ್ತದೆ. ಊರಿಗೆ ರೊಟ್ಟಿ ಇಲ್ಲ. ನಾಯಕನ ಗಡ್ಡಕ್ಕೆ ಮಾತ್ರ ಎಲ್ಲಿಂದಲೋ ಬ್ಲೇಡು ಸಿಗುತ್ತದೆ. ಇಬ್ಬರು ಗಂಡಸರು ಮಾತುಬಿಟ್ಟು ಮೂಲೆಯಲ್ಲಿ ಅಡಗಿ ಒಬ್ಬನ ತಪ್ಪಿಗೆ ಇನ್ನೊಬ್ಬ ಕಾಯುವುದೇ ಮಹಾಯುದ್ಧವಾದರೆ, ಅದನ್ನು ನಾನು ಸ್ಟಾಫ್ ರೂಮಿನಲ್ಲಿ ಇಷ್ಟು ವರ್ಷ ಟಿಕೆಟ್ಟಿಲ್ಲದೆ ನೋಡಿದ್ದೇನೆ. ಮದುವೆಯಾದ ಹೊಸದರಲ್ಲಿ ಶಿರಾದ ಒಂದು ಟಾಕೀಸಿನಲ್ಲಿ ಈ ಸಿನಿಮಾವನ್ನು ತೆಲುಗು ಡಬ್ಬಿಂಗಿನಲ್ಲಿ ನೋಡಿದ್ದೆ. ಮಂಡಿಯುದ್ದ ಹಿಮದಲ್ಲಿ ನಿಂತ ಸೇನಾಧಿಪತಿ "ರೇಯ್, ವಾಣ್ಣಿ ವದಲಕಂಡ್ರಾ", ಲೋ, ಅವನನ್ನು ಬಿಡಬೇಡ್ರೋ, ಎಂದು ಕಿರುಚುತ್ತಿದ್ದ. ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಚೊಂಬಿನ ದೃಶ್ಯ.

ಇಬ್ಬರು ಬಂದೂಕುಗಾರರು ಎದುರುಬದುರು ಎರಡು ಮಾಳಿಗೆಗಳ ಮೇಲೆ ಗುರಿ ಹಿಡಿದು ಕೂತಿದ್ದಾರೆ. ನಡುವೆ ಒಬ್ಬಳು ಎಳೆಯ ಹೆಂಗಸು ಎರಡು ಕೈಯಲ್ಲೂ ಒಂದು ಪಾತ್ರೆ ಹಿಡಿದುಕೊಂಡು, ತಟ್ಟೆ ಮುಚ್ಚಿಕೊಂಡು ನಡೆದು ಬರುತ್ತಾಳೆ. ಅವಳನ್ನು ಕಂಡು ಇಬ್ಬರೂ ಆಯುಧ ಕೆಳಗಿಡುತ್ತಾರೆ. ಇದನ್ನು ಹೇಳಿ ನಾನು ಮೂರ್ತಿಗೆ, ಈ ಒಂದು ಸುಳ್ಳು ಸಾಕು, ಈ ಸಿನಿಮಾವನ್ನು ತಿಪ್ಪೆಗೆ ಎಸೆ ಎಂದೆ. ಅವನು ತಲೆ ಕೆರೆದುಕೊಂಡ.

"ಅಂಥ ಸೀನೇ ಲೇದು ಸಾರ್. ಫೋನಲ್ಲಿ ಎರಡು ಸಲ ನೋಡಿದೀನಿ."

"ಫೋನಿನಲ್ಲಿ ನೋಡಿದ್ದಕ್ಕೆ ನೋಡಿದೆ ಅನ್ನಬಾರದು ಮೂರ್ತಿ."

"ಇಲ್ದೆ ಹೋದ್ರೆ ಏನ್ ಮಾಡ್ತೀರಾ?"

ಟೀ ಅಂಗಡಿಯ ಮುಂದೆ ಕೂಟದ ನಾಲ್ಕಾರು ಜನ ನಿಂತಿದ್ದರು. ಅಷ್ಟು ಜನರೆದುರಿಗೆ ಬೇರೆ ಏನು ಹೇಳಲಿ? ಆ ದೃಶ್ಯ ಇಲ್ಲದಿದ್ದರೆ ಮೈಕು ಅವತ್ತಿನಿಂದ ನಿನ್ನದು ಎಂದುಬಿಟ್ಟೆ. ಮೂರ್ತಿ ಅಲ್ಲೇ ಫೋನು ತೆಗೆದು, ಬೇಕಾದರೆ ಈಗಲೇ ಪರೀಕ್ಷಿಸಿ ಎಂದು ಚಾಚಿದ. ನಾನು ಮುಟ್ಟಲಿಲ್ಲ. ನನ್ನ ತಾತ್ಸಾರವನ್ನು ಪರೀಕ್ಷೆಗೆ ಒಡ್ಡುವಷ್ಟು ಕೆಳಗೆ ನಾನು ಇನ್ನೂ ಇಳಿದಿರಲಿಲ್ಲ.

ಆ ಭಾನುವಾರ ನಾನು ಮಾತಾಡಿದ ಹಾಗೆ ಹಿಂದೆ ಯಾವತ್ತೂ ಮಾತಾಡಿರಲಿಲ್ಲ. ಭಾಗ್ಯ ಮುಂದಿನ ಸಾಲಿನಲ್ಲೇ ಇದ್ದಳು. ಸಿನಿಮಾದ ಮಿಕ್ಕ ಭಾಗವನ್ನು ಎರಡು ಮಾತಿನಲ್ಲಿ ಮುಗಿಸಿ ನೇರ ಚೊಂಬಿಗೆ ಬಂದೆ. ನೋಡಿ, ಹೊರಗೆ ಹಿಮ ಬೀಳುತ್ತಿದೆ, ಆದರೆ ಗುರಿ ಹಿಡಿದ ಈ ಮಹಾಶಯ ತಲೆಗೆ ಟವೆಲ್ ಸುತ್ತಿದ್ದಾನೆ, ಕತ್ತಿನಿಂದ ಬೆವರು ಇಳಿಯುತ್ತಿದೆ ಎಂದೆ. ಜನ ನಕ್ಕರು. ಆ ಹೆಂಗಸು ಬರಿಗಾಲಿನಲ್ಲಿ ಬರುತ್ತಾಳೆ. ಹಿಮದ ಮೇಲೆ ನಡೆದವರಿಗೆ ಕಾಲು ಮರಗಟ್ಟಬೇಕು, ಇವಳು ಕಾಲು ಸುಟ್ಟವಳ ಹಾಗೆ ಎಗರುತ್ತ ಎಗರುತ್ತ ಬರುತ್ತಾಳೆ ಎಂದು ನಾನೇ ಎರಡು ಹೆಜ್ಜೆ ಎಗರಿ ತೋರಿಸಿದೆ. ಇನ್ನೂ ನಕ್ಕರು. ಕೈಯಲ್ಲಿರುವುದು ಯಾವ ದೇಶದ ಪಾತ್ರೆಯೋ, ನೋಡಿದರೆ ನಮ್ಮ ಹಿತ್ತಾಳೆ ಚೊಂಬಿನ ಹಾಗೇ ಇದೆ. ಇಷ್ಟು ನಿಗಾ ಇಲ್ಲದವನು ಸಿನಿಮಾ ಏಕೆ ತೆಗೆಯಬೇಕು ಎಂದೆ. ಕೊನೆಗೆ ದನಿ ತಗ್ಗಿಸಿದೆ. ಗುರಿ ಹಿಡಿದ ಗಂಡಸು ಹೆಂಗಸನ್ನು ಕಂಡು ಆಯುಧ ಇಳಿಸಿದ ಎನ್ನುವುದು ಗಂಡಸರು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವ ಕಥೆ. ಇದನ್ನು ಕಟ್ಟಿದ ನಿರ್ದೇಶಕ ಯಾರೋ, ಅವನಿಗೆ ಅರ್ಧ ದಿನವಾದರೂ ಬಿಸಿಲಲ್ಲಿ ಗುರಿ ಹಿಡಿದು ಕೂತು ಗೊತ್ತಿದೆಯೇ ಎಂದು ಕೇಳಿ ಮೈಕು ಇಟ್ಟೆ. ಚಪ್ಪಾಳೆ ಬಿತ್ತು. ಭಾಗ್ಯ ಚಪ್ಪಾಳೆ ತಟ್ಟಲಿಲ್ಲ, ನಗಲೂ ಇಲ್ಲ. ಮನೆಯಲ್ಲಿ ಅಡುಗೆಯ ಚಿಂತೆ ಇರಬೇಕು ಎಂದುಕೊಂಡೆ.

ಸಿನಿಮಾ ಶುರುವಾಯಿತು. ಹಿಮ ಬಿತ್ತು, ಬೀಳುತ್ತಲೇ ಇತ್ತು. ಇಬ್ಬರೂ ತುಪ್ಪಳದ ಟೋಪಿ ಹಾಕಿಕೊಂಡು ಕಾರ್ಖಾನೆಯಲ್ಲಿ ಅಡಗಿದರು, ಚರಂಡಿಯ ಕೊಳವೆಯಲ್ಲಿ ತೆವಳಿದರು, ಮಾಳಿಗೆ ಮಾತ್ರ ಹತ್ತಲಿಲ್ಲ. ಹತ್ತಿರಪ್ಪ, ದಯವಿಟ್ಟು ಹತ್ತಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಒಬ್ಬ ಸತ್ತ, ಇನ್ನೊಬ್ಬ ಟೋಪಿ ತೆಗೆದ, ಸಂಗೀತ ಬಂತು, ಹೆಸರುಗಳು ಓಡಿದವು. ಚೊಂಬು ಬರಲಿಲ್ಲ. ದೀಪ ಹಾಕಿದಾಗ ಮೊದಲು ಎದ್ದವರು ಪ್ರತಿ ತಿಂಗಳು ತಪ್ಪದೆ ಬರುವ ಒಬ್ಬ ಮುದುಕರು.

"ಏನ್ ಮೇಷ್ಟ್ರೇ, ಚೊಂಬು ಬರ್ನೇ ಇಲ್ವಲ್ಲಾ. ಅದು ತಪ್ಪೋಯ್ತದೆ ಅಂತ ನಾನು ಉಚ್ಚೆಗೂ ಎದ್ದೋಗ್ದಂಗೆ ಕುಂತಿದ್ದೆ."

ಹಿಂದಿನಿಂದ ಯಾರೋ, ಒಳ್ಳೇ ಸೀನನ್ನೇ ಕತ್ತರಿಸಿದ್ದಾರೆ ಎಂದು ಮೂರ್ತಿಯ ಮೇಲೆ ರೇಗಿದರು. ಅವರ ಪ್ರಕಾರ ನಾನು ಹೇಳಿದ ಸಿನಿಮಾ ಮೂರ್ತಿ ತೋರಿಸಿದ ಸಿನಿಮಾಕ್ಕಿಂತ ಚೆನ್ನಾಗಿತ್ತು. ಮೂರ್ತಿ ಮೈಕಿನ ವೈರು ಸುತ್ತುತ್ತ ನನ್ನ ಮುಖ ನೋಡಿದ. ನಾನು, ಇದು ಕತ್ತರಿಸಿದ ಪ್ರತಿ, ಆ ದೃಶ್ಯ ಇದ್ದೇ ಇದೆ, ಮುಂದಿನ ತಿಂಗಳೊಳಗೆ ಸಾಕ್ಷಿ ತರುತ್ತೇನೆ ಎಂದೆ. ಅವನು ಆಗಲಿ ಸಾರ್ ಎಂದ. ವೈರನ್ನು ಮಾತ್ರ ತನ್ನ ಚೀಲಕ್ಕೇ ಹಾಕಿಕೊಂಡ.

ಮನೆಗೆ ಬಂದದ್ದೇ ನಾನು ಸಾಕ್ಷಿಯ ಕೆಲಸ ಶುರುಮಾಡಿದೆ. ಶಿರಾದಲ್ಲಿ ನೀನೂ ಜೊತೆಗಿದ್ದೆಯಲ್ಲ, ನಿನಗಾದರೂ ನೆನಪಿರಬೇಕು ಎಂದೆ.

"ನಾನೆಲ್ಲಿದ್ದೆ? ನೀವೊಬ್ರೇ ಬಸ್ ಹತ್ಕಂಡು ಓಡೋಗಿದ್ರಿ. ನಮ್ಮಪ್ಪಂಗೆ ಮಕ ತೋರ್ಸಕ್ಕೆ ಆಗ್ದೆ."

"ಯಾಕೆ?"

"ಯಾಕೆ ಅಂತಾರೆ ನೋಡು. ಆ ಚೊಂಬಿನೋಳು ಸಿನಿಮಾದೋಳಲ್ಲ ಕಣ್ರೀ. ನಾನು."

ಅವಳು ಹೇಳುತ್ತ ಹೋದ ಹಾಗೆ ಹಿಮ ಕರಗುತ್ತ ಬಂತು. ಅದು ಪುರವರದ ನನ್ನ ಮಾವನ ಮನೆ, ಮದುವೆಯಾದ ಮೊದಲ ಬೇಸಿಗೆ. ಮಾಳಿಗೆಯ ಮೇಲೆ ಹುಣಸೆಹಣ್ಣು ಒಣಹಾಕಿದ್ದರು. ಪಕ್ಕದ ಹನುಮಂತರಾಯಣ್ಣನ ಮಾಳಿಗೆಯ ಮೇಲೂ ಹುಣಸೆಹಣ್ಣೇ. ನಡುವೆ ಮೊಣಕಾಲೆತ್ತರದ ಗೋಡೆ. ಕೋತಿಗಳ ಹಿಂಡು ಎರಡಕ್ಕೂ ಕಾಯುತ್ತಿತ್ತು. ಅಲ್ಲಿ ಕೋತಿಗೆ ಕಲ್ಲು ತಾಗಿಸುವ ಹಾಗಿಲ್ಲ, ಆಂಜನೇಯನ ಕುಲ. ಕವಲು ಕಡ್ಡಿಗೆ ಸೈಕಲ್ ಟ್ಯೂಬಿನ ರಬ್ಬರು ಕಟ್ಟಿದ ಚಾಟರಬಿಲ್ಲಿನಿಂದ ಕೋತಿಯ ಪಕ್ಕಕ್ಕೆ ಒಂದು ಮೊಳ ಬಿಟ್ಟು ಹೊಡೆಯಬೇಕು. ಹೆದರಿದ ಕೋತಿ ಆಚೆ ಮಾಳಿಗೆಗೆ ಹಾರಬೇಕು. ಆಚೆಯವರು ಹೊಡೆದರೆ ಈಚೆಗೆ. ಹೀಗೆ ಎರಡು ಮನೆಗಳ ನಡುವೆ ಪ್ರತಿ ಬೇಸಿಗೆ ಘನಘೋರ ಯುದ್ಧ. ಆ ವರ್ಷ ನಮ್ಮ ಮಾವ, ಅಷ್ಟು ಓದಿದ ಅಳಿಯ ಬಂದಿದ್ದಾನಲ್ಲ ಎಂದು ಚಾಟರಬಿಲ್ಲನ್ನು ನನ್ನ ಕೈಗೆ ಕೊಟ್ಟರಂತೆ. ನಾನು ತಲೆಗೆ ಟವೆಲ್ ಸುತ್ತಿಕೊಂಡು, ಗೋಣಿಚೀಲ ಹೊದ್ದು, ನೀರಿನ ತೊಟ್ಟಿಯ ಮರೆಯಲ್ಲಿ ಬೆಳಗಿನಿಂದ ಮಲಗಿದ್ದೆನಂತೆ. ಎದುರಿಗೆ ಹನುಮಂತರಾಯಣ್ಣ. ನಡುಮಧ್ಯಾಹ್ನ ಭಾಗ್ಯ ನನಗೆಂದು ಚೊಂಬಿನಲ್ಲಿ ಮಜ್ಜಿಗೆ ತೆಗೆದುಕೊಂಡು, ಕಾದ ಮಾಳಿಗೆಯ ಮೇಲೆ ಬರಿಗಾಲಲ್ಲಿ ಬಂದಳು.

"ಸರಿಯಾಗೇ ಇದೆಯಲ್ಲ," ಎಂದೆ ನಾನು, ಗೆದ್ದವನ ಹಾಗೆ. "ಇಬ್ಬರೂ ಇಳಿಸಿದೆವು."

"ಇಳ್ಸಿದ್ದು ಹನುಮಂತರಾಯಣ್ಣ. 'ಮಗ ಬತ್ತಾವ್ಳೆ, ತಡೀರಿ ಅಳಿಮಯ್ಯ' ಅಂತ ಕೂಗ್ದ. ನೀವು ಹೊಡೆದ್ರಿ. ಠಣ್ ಅಂತು. ಮಜ್ಜಿಗೆ ಎಲ್ಲಾ ಹುಣಸೆಹಣ್ಣಿನ ಮೇಲೆ. ಕೋತಿ ಹಂಗೇ ಕುಂತ್ಕಂಡು ನೋಡ್ತಿತ್ತು."

"ಹನುಮಂತರಾಯಣ್ಣ ಏನಂದ?"

"'ನಾವು ಕೋತಿಗೂ ತಾಗ್ದಂಗೆ ಹೊಡೀತೀವಿ ಅಳಿಮಯ್ಯ' ಅಂದ. ಅಷ್ಟೇ. ನೀವು ಚಪ್ಲಿನೂ ಹಾಕ್ಕಳ್ದೆ ಬಸ್ಟ್ಯಾಂಡಿಗೆ ಹೋದ್ರಿ."

ಕಣ್ಣಾರೆ ಕಂಡೆ ಎನ್ನುವವರನ್ನು ಅನುಮಾನಿಸಬೇಕೆಂದು ಕಲಿತವನು ನಾನು. ಅಷ್ಟು ಸುಲಭಕ್ಕೆ ಒಪ್ಪುತ್ತೇನೆಯೇ? ಸಾಕ್ಷಿ ಏನಿದೆ ಎಂದೆ. ಅವಳು ಒಳಗೆ ಹೋಗಿ ನಾನು ದಿನವೂ ಮಜ್ಜಿಗೆ ಕುಡಿಯುವ ಚೊಂಬನ್ನು ತಂದು ಮುಂದಿಟ್ಟಳು. ಅದರ ಹೊಟ್ಟೆಯಲ್ಲಿ ಒಂದು ನೆಗ್ಗು. ಇಷ್ಟು ವರ್ಷ ಆ ನೆಗ್ಗಿಗೇ ಹೆಬ್ಬೆರಳಿಟ್ಟು ಹಿಡಿದುಕೊಂಡಿದ್ದೇನೆ. ಹಿಡಿಯಲು ಅನುಕೂಲವಾಗಲಿ ಎಂದು ಕಂಚುಗಾರನೇ ಮಾಡಿಕೊಟ್ಟಿರಬೇಕು ಎಂದುಕೊಂಡಿದ್ದೆ.

ಮೈಕು ಉಳಿಸಿಕೊಳ್ಳಲು ಬೇಕಾದ ಸಾಕ್ಷಿ ಈಗ ನನ್ನ ಮುಂದೆಯೇ ಇತ್ತು. ಆ ದೃಶ್ಯ ನಿಜವಾಗಿ ಇದೆ ಎಂದು ಬೇಕಾದರೆ ಮುಂದಿನ ತಿಂಗಳು ತಾನೇ ಬಂದು ಎಲ್ಲರೆದುರಿಗೆ ಹೇಳುತ್ತೇನೆ, ಚೊಂಬನ್ನೂ ತರುತ್ತೇನೆ ಎಂದು ಭಾಗ್ಯ ಬಹಳ ಉತ್ಸಾಹ ತೋರಿದಳು. ನಾನು ಆಗಲೇ ಮೂರ್ತಿಗೆ ಫೋನು ಮಾಡಿ, ಅಂಥ ದೃಶ್ಯ ಇಲ್ಲ, ಮೈಕು ನಿನ್ನದು ಎಂದೆ. ಅವನು ಸಂತೋಷವನ್ನು ಅಡಗಿಸಿಕೊಳ್ಳಲು ಪಟ್ಟ ಕಷ್ಟ ನನಗೆ ಕೇಳಿಸಿತು. ಬೇಜಾರು ಮಾಡ್ಕೋಬೇಡಿ ಸಾರ್, ವಯಸ್ಸಾದ ಮೇಲೆ ಹೀಗೆ ಮರೆಯೋದು ಸಹಜ ಎಂದ. ಸಹಜ ಎಂದು ನಾನೂ ಒಪ್ಪಿಕೊಂಡೆ. ನಿಜಕ್ಕಿಂತ ಮರೆವಿನಲ್ಲಿ ಮರ್ಯಾದೆ ಹೆಚ್ಚು.

ಈಗ ಮೂರ್ತಿ ಮಾತಾಡುತ್ತಾನೆ, ಎಲ್ಲ ಸಿನಿಮಾಗಳನ್ನೂ ಹೊಗಳುತ್ತಾನೆ, ಸಹಿಸಲಾಗುವುದಿಲ್ಲ. ನಾನು ಭಾಗ್ಯಳ ಪಕ್ಕದಲ್ಲಿ ಕೂತು ಮಂಡಕ್ಕಿಗೆ ಕಾಯುತ್ತೇನೆ. ಒಂದು ಸಮಾಧಾನ ಮಾತ್ರ ಉಳಿದಿದೆ. ಆ ದೃಶ್ಯ ಶುದ್ಧ ಸುಳ್ಳು, ಆ ಟವೆಲ್ ಸುತ್ತಿದವನು ಆಯುಧ ಇಳಿಸಿರಲಾರ ಎಂದು ನಾನು ಅವತ್ತು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ನಿರ್ದೇಶಕ ಯಾರು ಎನ್ನುವುದೊಂದನ್ನು ಮಾತ್ರ ವಿಚಾರಿಸಿಕೊಳ್ಳಬೇಕಾಗಿತ್ತು.