ಮೊದಲನೇ ಸಲಕ್ಕೇ ಹೂಂ ಅನ್ನಬಾರದು

ಸಿಂಧು: ಬೇಡ ಅನ್ನು ಅಂತ ಅದಕ್ಕೆ ಹೇಳ್ಕೊಟ್ಟಿದ್ದು ಯಾರ್ರೀ?

ಕಾಂತರಾಜು: ನಾನೇ ಕಣೇ. ಅದ್ರಲ್ಲಿ ತಪ್ಪೇನೈತೆ?

(ಹೊಳೆನರಸೀಪುರದ ಬಸ್ ನಿಲ್ದಾಣದ ಹಿಂದೆ ಈ ಗಂಡ ಹೆಂಡತಿ ಸೇರಿ ನಡೆಸುವ ಆನ್‌ಲೈನ್ ಸೇವಾ ಕೇಂದ್ರ. ಹೋದ ವಾರವಷ್ಟೇ ಒಂದು ಎ.ಐ. ಏಜೆಂಟನ್ನು ಕೆಲಸಕ್ಕೆ ಇಟ್ಟುಕೊಂಡಿದ್ದಾರೆ. ಅದು ತಾನೇ ಬ್ರೌಸರ್ ತೆರೆಯುತ್ತದೆ, ತಾನೇ ಗುಂಡಿ ಒತ್ತುತ್ತದೆ. ಯಾವುದನ್ನು ಯಾವಾಗ ಒತ್ತಬೇಕು ಎಂಬ ಸೂಚನೆಯನ್ನು ಮಾತ್ರ ಮನುಷ್ಯರು ಬರೆದುಕೊಡಬೇಕು. ಆ ಮನುಷ್ಯ ಕಾಂತರಾಜು ಆದದ್ದೇ ಎಡವಟ್ಟು. ಸಿಂಧುವಿನ ತಂಗಿ ರಂಜಿತಾಳ ಮದುವೆಗೆ ಹಾಸನದಲ್ಲಿ ಛತ್ರ ಹಿಡಿಯಬೇಕಿತ್ತು. ಉಳಿದದ್ದು ಒಂದೇ ಮುಹೂರ್ತ, ತಪ್ಪಿದರೆ ಆಷಾಢ. "ಛತ್ರದ ಚಿಂತೆ ನನಗೆ ಬಿಡಿ" ಎಂದು ಸಿಂಧು ಅಪ್ಪನಿಗೆ ಮಾತು ಕೊಟ್ಟು, ಬುಕಿಂಗ್ ಕೆಲಸವನ್ನು ಏಜೆಂಟಿಗೆ ಒಪ್ಪಿಸಿ ಕೂತಿದ್ದಳು.)

ಸಿಂಧು: ಏಜೆಂಟ್ ಏನ್ ವರದಿ ಕೊಟ್ಟಿದೆ, ಓದಿ.

ಕಾಂತರಾಜು: "ಬುಕಿಂಗ್ ಖಚಿತಪಡಿಸಲೇ ಎಂದು ಪುಟ ಕೇಳಿತು. ಸೂಚನೆಯಂತೆ 'ಬೇಡ' ಒತ್ತಿದೆ. ಇನ್ನೊಮ್ಮೆ ಕೇಳಲಿ ಎಂದು ಕಾಯುತ್ತಿದ್ದೇನೆ. ಇನ್ನೂ ಕೇಳಿಲ್ಲ." ಆಹಾ, ಏನ್ ವಿನಯ!

ಸಿಂಧು: ಈಗ ನಿಮ್ಮ ಸೂಚನೆ ಓದಿ.

ಕಾಂತರಾಜು: "ಯಾರೇ ಏನೇ ಕೇಳಲಿ, ಮೊದಲನೇ ಸಲಕ್ಕೇ ಹೂಂ ಅನ್ನಬಾರದು. ಎರಡು ಸಲ ಬೇಡ ಅನ್ನು. ಆಮೇಲೂ ಬಲವಂತ ಮಾಡಿದರೆ ಒಪ್ಪಿಕೋ." ಮರ್ವಾದೆ ಅನ್ನೋದು ಬ್ಯಾಡ್ವಾ? ನೆಂಟ್ರ ಮನೇಲಿ ಕಾಫಿ ಕುಡೀತೀರಾ ಅಂದ ತಕ್ಷಣ ಕೊಡಿ ಅಂತೀವಾ?

ಸಿಂಧು: ಅದು ನೆಂಟ್ರ ಮನೆ ಕಣ್ರೀ! ವೆಬ್‌ಸೈಟು ಲೋಟ ಹಿಡ್ಕೊಂಡು, "ಒಂದ್ ಗುಟುಕಾದ್ರೂ ಕುಡೀರಿ" ಅಂತ ಹಿಂದೆ ಬತ್ತದಾ?

ಕಾಂತರಾಜು: ಛತ್ರದೋರೇ ಬಲವಂತ ಮಾಡ್ಲಿಲ್ಲ ಅಂದ್ರೆ, ನಾಳೆ ಊಟಕ್ಕೆ ಕೂತೋರ್ಗೆ ಇನ್ನೊಂದ್ ಓಳಿಗೆ ಯಾರು ಹಾಕ್ತಾರೆ?

(ಸಿಂಧು ಹಣೆ ಚಚ್ಚಿಕೊಂಡು ಉಳಿದ ಸೂಚನೆಗಳನ್ನೂ ತೆರೆದಳು. ತೆರೆಯದಿದ್ದರೆ ಚೆನ್ನಾಗಿತ್ತು.)

ಸಿಂಧು: "ಪುಟ ಬರೋಕೆ ತಡವಾದ್ರೆ ಸ್ವಲ್ಪ ಹೊತ್ತು ಕಾಯಿ." ಸ್ವಲ್ಪ ಅಂದ್ರೆ ಎಷ್ಟು?

ಕಾಂತರಾಜು: ಸ್ವಲ್ಪ ಅಂದ್ರೆ ಸ್ವಲ್ಪ. ಅಷ್ಟೂ ಗೊತ್ತಾಗಕ್ಕಿಲ್ವಾ?

ಸಿಂಧು: ನೀವು "ಈಗ್ ಬಂದೆ" ಅಂತ ಪಕ್ಕದ ಹಳ್ಳಿಮೈಸೂರಿಗೆ ಹೋದ್ರೆ ದೀಪ ಹಚ್ಚೋ ಹೊತ್ತಿಗೆ ಬತ್ತೀರಲ್ಲ, ಆ ಸ್ವಲ್ಪಾನಾ?

ಕಾಂತರಾಜು: ಅದು ಬಸ್ಸಿನ ತಪ್ಪು.

ಸಿಂಧು: ಇದು ಯಾರ ತಪ್ಪು? "ಪುಟ ಸಿಗದಿದ್ರೆ ಅಂಗೇ ಸೀದಾ ಓಗು. ಯಾರನ್ನ ಕೇಳಿದ್ರೂ ತೋರಿಸ್ತಾರೆ." ಬ್ರೌಸರ್ ಒಳಗೆ ಅದು ಯಾರನ್ನ ಕೇಳಬೇಕು?

ಕಾಂತರಾಜು: ದಾರೀಲಿ ಸಿಕ್ಕೋರನ್ನ.

ಸಿಂಧು: ಅದು ಕೇಳಿಯೂ ಆಗಿದೆ, ವರದಿ ನೋಡಿ. "ಜಾಹೀರಾತಿನಲ್ಲಿದ್ದ ಮಹಿಳೆಯನ್ನು ಛತ್ರ ಎಲ್ಲಿದೆ ಎಂದು ಕೇಳಿದೆ. ಅವರು ಮಂಡಿನೋವಿನ ಎಣ್ಣೆ ತೋರಿಸಿದರು."

ಕಾಂತರಾಜು: ಒಳ್ಳೇದೇ ಆಯ್ತು. ಅವ್ವ ಕೇಳ್ತಾನೇ ಇದ್ಲು.

(ಸಿಂಧು ಛತ್ರದ ಪುಟವನ್ನು ತಾನೇ ತೆರೆದಳು. ಆ ಮುಹೂರ್ತದ ದಿನದ ಮೇಲೆ ಕೆಂಪು ಬಣ್ಣ ಬಿದ್ದಿತ್ತು. ಇಷ್ಟು ಹೊತ್ತಿನ ಸಿಟ್ಟೆಲ್ಲ ಇಳಿದು ಅವಳ ಕಣ್ಣಲ್ಲಿ ನೀರು ಬಂತು.)

ಸಿಂಧು: ಹೋಯ್ತು ಕಣ್ರೀ. ಯಾರೋ ಹಿಡ್ಕೊಂಡುಬಿಟ್ರು. ಅಪ್ಪಂಗೆ ಏನ್ ಹೇಳ್ಲಿ? ರಂಜಿಗೆ ಹೆಂಗ್ ಮುಖ ತೋರಿಸ್ಲಿ?

ಕಾಂತರಾಜು: ಅಳಬ್ಯಾಡ ಕಣೇ. ತಪ್ಪು ನಂದೇಯ. ನಮ್ಮೂರೋರ್ಗೆ ಏಳ್ದಂಗೆ ಅದಕ್ಕೂ ಬರೆದ್ಬುಟ್ಟೆ. ಅದು ಪಾಪ, ಯಾವೂರ್ದೋ ಏನೋ.

(ಅಷ್ಟರಲ್ಲಿ ಕಾಂತರಾಜುವಿನ ಫೋನು ಬಡಿದುಕೊಂಡಿತು. ಇಬ್ಬರಿಗೂ ಕೇಳುವಂತೆ ಸ್ಪೀಕರ್ ಹಾಕಿದ. ಆ ಕಡೆ ಛತ್ರದ ಮ್ಯಾನೇಜರ್ ನಟರಾಜು.)

ನಟರಾಜು: ಸಾ, ಬೆಳಗ್ಗೆ ಎಲ್ಲಾ ತುಂಬ್ಬುಟ್ಟು ಕೊನೇಲಿ ಬ್ಯಾಡ ಅಂದ್ರಂತೆ?

ಕಾಂತರಾಜು: ಅದೂ... ಔದು.

ನಟರಾಜು: ನೋಡಿದ್ ತಕ್ಷಣ ಗೊತ್ತಾಯ್ತು ಬುಡಿ, ನಮ್ ಕಡೆಯೋರೇ ಅಂತ. ಗಟ್ಟಿ ಗಿರಾಕಿ ಮೊದಲ್ನೇ ಸಲಕ್ಕೇ ಊಂ ಅಂದಿದ್ದು ಉಂಟಾ? ಅದಕ್ಕೇ ಆ ಡೇಟು ಬ್ಯಾರೆಯೋರ ಪಾಲಾಗದಂಗೆ ನಾನೇ ಲಾಕ್ ಮಾಡಿ ಇಟ್ಟಿವ್ನಿ.

(ಕಾಂತರಾಜುವಿನ ಎದೆ ಎರಡು ಗೇಣು ಉಬ್ಬಿತು. "ಈಗೇನಂತೀಯಾ?" ಎಂಬಂತೆ ಹೆಂಡತಿಯ ಕಡೆ ನೋಡಿ ಮೀಸೆ ನೀವಿದ.)

ನಟರಾಜು: ಎಂಗೆ ಸಾ? ನಿಮ್ ಎಸರಿಗೆ ಬುಕ್ ಮಾಡ್ಬುಡ್ಲಾ?

ಕಾಂತರಾಜು: ಅಯ್ಯೋ, ಬ್ಯಾಡ ಬುಡಿ ಸಾ, ನಿಮಗ್ಯಾಕೆ ಸುಮ್ನೆ ತೊಂದ್ರೆ...

(ಸಿಂಧು ಫೋನು ಕಿತ್ತುಕೊಂಡಳು.)

ಸಿಂಧು: ಹೂಂ! ಹೂಂ ಅಣ್ಣಾ! ಈಗ್ಲೇ, ಈ ನಿಮಿಷಾನೇ ಮಾಡಿ!

(ಬುಕಿಂಗ್ ಆಯಿತು. ಕಾಂತರಾಜು ನಾಲಿಗೆ ಕಚ್ಚಿಕೊಂಡು ಗೋಡೆಯ ಕಡೆ ತಿರುಗಿದ. ಸಿಂಧು ಹಳೆಯ ಸೂಚನೆಗಳನ್ನೆಲ್ಲ ಅಳಿಸಿ, ಹೊಸದಾಗಿ ಬರೆದಳು: "ಪುಟ ಒಂದೇ ಸಲ ಕೇಳುತ್ತದೆ. ನಾವು ಹೇಳಿದ ಕೆಲಸವೇ ಆಗಿದ್ದರೆ ಆಗಲೇ 'ಹೌದು' ಒತ್ತು. ಅನುಮಾನ ಬಂದರೆ ಸಿಂಧುವನ್ನು ಕೇಳು. ಕಾಂತರಾಜುವನ್ನು ಕೇಳಬೇಡ." ಪರದೆಯ ಮೇಲೆ ತಕ್ಷಣ ಉತ್ತರ ಮೂಡಿತು.)

ಏಜೆಂಟ್: ಅರ್ಥವಾಯಿತು. ಈ ಕೇಂದ್ರದಲ್ಲಿ ನನಗೆ ಸಿಕ್ಕ ಮೊದಲ ಸ್ಪಷ್ಟ ಸೂಚನೆ ಇದು.